ಬೆಂಗಳೂರಿನ ಡಿಗ್ರಿ ಬಿಟ್ಟು ಊರಿನ ಕಾಲೇಜಿಗೆ ಸೇರ್ಬೇಕಾ? ಮೊದಲು ಟಿಸಿ ತಗೋಬೇಡಿ

ಹರಪನಹಳ್ಳಿ: ಮಗನ್ನೋ ಮಗಳನ್ನೋ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಿದ್ದೀರಿ. ಫೀಸು, ಪಿಜಿ ಬಾಡಿಗೆ, ಊಟ ಎಲ್ಲಾ ಸೇರಿ ಅಂಗಡಿ ಲಾಭ ಅಲ್ಲೇ ಕರಗ್ತಿದೆ. ‘ಊರಿಗೇ ಬಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದ್ರೆ ಓದಿದ ವರ್ಷ ವ್ಯರ್ಥ ಆಗುತ್ತಾ?’ ಅನ್ನೋದು ಹಲವು ಪಾಲಕರ ಪ್ರಶ್ನೆ. ಕ್ರಮವಾಗಿ ಹೋದರೆ ವರ್ಷ ಉಳಿಸಿಕೊಳ್ಳುವ ದಾರಿ ಇದೆ.

3 ವರ್ಷವೋ, 4 ವರ್ಷವೋ?

ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ ಪ್ರಕಾರ 4 ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಸರ್ಕಾರ ಮತ್ತೆ 3 ವರ್ಷದ ಪದವಿಗೆ ಮರಳಿತು. ಆದರೆ ಹಲವು ಖಾಸಗಿ ವಿವಿಗಳಲ್ಲಿ 4 ವರ್ಷದ ಕೋರ್ಸ್ ಈಗಲೂ ಇದೆ. ಹಾಗಾಗಿ ಅಲ್ಲಿನ ಸಿಲೆಬಸ್, ಇಲ್ಲಿನ ಸಿಲೆಬಸ್ ಪೂರ್ತಿ ಹೊಂದಲ್ಲ. ಅಲ್ಲಿ ಓದಿದ ಯಾವ ವಿಷಯ ಇಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ ತೀರ್ಮಾನಿಸೋದು ಸೇರಿಸಿಕೊಳ್ಳುವ ವಿವಿ.

ಮೊದಲು ಇಲ್ಲಿ ಒಪ್ಪಿಗೆ, ಆಮೇಲೆ ಅಲ್ಲಿ ಟಿಸಿ

ಟಿಸಿ ಕೈಗೆ ಬಂದ ಮೇಲೆ ‘ಇಲ್ಲಿ ಸೀಟಿಲ್ಲ, ವಿಷಯ ಹೊಂದಲ್ಲ’ ಅಂದ್ರೆ ಎರಡೂ ಕಡೆ ಇಲ್ಲದಂಗಾಗುತ್ತೆ. ಅದಕ್ಕೆ ಅಂಕಪಟ್ಟಿ, ಸಿಲೆಬಸ್ ಪ್ರತಿ ಹಿಡಿದು ಮೊದಲು ಇಲ್ಲಿನ ಪ್ರಾಂಶುಪಾಲರನ್ನು ಕಾಣಿ. ಸೀಟು ಇದೆಯಾ, ಯಾವ ಸೆಮಿಸ್ಟರ್‌ಗೆ ತಗೋತಾರೆ, ವಿವಿ ಅನುಮತಿ ಬೇಕಾ ಕೇಳಿ. ಸಾಮಾನ್ಯವಾಗಿ ವರ್ಷದ ಆರಂಭ, ಅಂದ್ರೆ 3 ಅಥವಾ 5ನೇ ಸೆಮಿಸ್ಟರ್ ಶುರುವಾಗೋ ಹೊತ್ತು ಸೂಕ್ತ. ಸೆಮಿಸ್ಟರ್ ನಡುವೆ ಬಂದರೆ ಕಷ್ಟ.

ವಿವಿ ಬದಲಾದರೆ ಟಿಸಿ ಜೊತೆಗೆ ಹಳೇ ವಿವಿಯಿಂದ ಮೈಗ್ರೇಶನ್ ಸರ್ಟಿಫಿಕೇಟೂ ಬೇಕು. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ನೋಡಿ ಕಾಲೇಜು ಯಾವ ವಿವಿಗೆ ಸೇರಿದ್ದು ಅಂತ ಊಹಿಸಬೇಡಿ, ಆಫೀಸಿನಲ್ಲೇ ಕೇಳಿ.

ಕ್ರೆಡಿಟ್ ಎಲ್ಲಿರುತ್ತೆ?

ಪಾಸಾದ ವಿಷಯಗಳ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂದರೆ ಎಬಿಸಿ ಖಾತೆಗೆ ಸೇರ್ತವೆ. ಡಿಜಿಲಾಕರ್‌ನಲ್ಲಿ ನೋಡಬಹುದು. 2021ರ ಯುಜಿಸಿ ನಿಯಮದಂತೆ ಗರಿಷ್ಠ 7 ವರ್ಷ ಇವಕ್ಕೆ ಬೆಲೆ ಇದೆ. ಡಿಗ್ರಿ ಅರ್ಧಕ್ಕೆ ನಿಲ್ಲಿಸಿದ ನನ್ನಂಥವರೂ ಇದನ್ನ ಒಮ್ಮೆ ತೆರೆದು ನೋಡೋದು ಒಳ್ಳೇದು. ಹಳೇ ಕಾಲೇಜು ಕ್ರೆಡಿಟ್ ಅಪ್‌ಲೋಡ್ ಮಾಡಿಲ್ಲ ಅಂದ್ರೆ ಬಿಡೋ ಮೊದಲೇ ಮಾಡಿಸಿಕೊಳ್ಳಿ. ಬಾಕಿ ಉಳಿದ ವಿಷಯ ಇದ್ರೆ ಅದರ ಪರೀಕ್ಷೆ ಎಲ್ಲಿ ಬರೀಬೇಕು ಅಂತಲೂ ಕೇಳಿ.

ಒರಿಜಿನಲ್ ಕೊಡಲ್ಲ ಅಂದ್ರೆ?

2018ರ ಅಕ್ಟೋಬರ್‌ನ ಯುಜಿಸಿ ಅಧಿಸೂಚನೆ ಪ್ರಕಾರ ಕಾಲೇಜು ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ. ಪ್ರತಿ ನೋಡಿ ಹಿಂದಿರುಗಿಸಬೇಕು. ಅದೇ ಅಧಿಸೂಚನೆಯಲ್ಲಿ ಫೀಸು ವಾಪಸಿನ ಲೆಕ್ಕವೂ ಇದೆ: ಪ್ರವೇಶದ ಕೊನೇ ದಿನಾಂಕದ ನಂತರ 15 ದಿನದೊಳಗೆ ಬಿಟ್ಟರೆ ಶೇ 80, 16ರಿಂದ 30 ದಿನದೊಳಗೆ ಶೇ 50. 30 ದಿನ ದಾಟಿದ್ರೆ ಏನೂ ಇಲ್ಲ. ಅರ್ಜಿ ಬರವಣಿಗೆಯಲ್ಲೇ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಇಟ್ಟುಕೊಳ್ಳಿ.

ಇಲ್ಲಿ ಸೇರಿದ ಮೇಲೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಯಲ್ಲಿ ಹೊಸ ಕಾಲೇಜಿನ ಹೆಸರೇ ಇರಲಿ. ಬಸ್ ಪಾಸಿಗೂ ಹೊಸ ಕಾಲೇಜಿನ ದಾಖಲೆ ಬೇಕು.