ಹಾಸಿಗೆಯ ಒದ್ದೆ, ಹಗಲಿನ ತೂಕಡಿಕೆ: ‘ಹಠಮಾರಿ’ ಮಕ್ಕಳ ಕುರಿತ ತಪ್ಪು ಕಲ್ಪನೆ ಮತ್ತು ಸತ್ಯ

ಐದು ವರ್ಷ ತುಂಬಿದ ಮಗು ವಾರಕ್ಕೆ ಎರಡು ಸಲವಾದರೂ, ಮೂರು ತಿಂಗಳ ಕಾಲ ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಿದ್ದರೆ ವೈದ್ಯರು ಅದನ್ನು ಶಯ್ಯಾಮೂತ್ರವೆಂಬ ತೊಂದರೆಯಾಗಿ ಪರಿಗಣಿಸುತ್ತಾರೆ. ಐದರ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15, ಹತ್ತರಲ್ಲಿ ಸುಮಾರು 5, ಹದಿನೈದರಲ್ಲಿ ಒಂದೆರಡು ಮಕ್ಕಳಲ್ಲಿ ಇದು ಉಳಿದಿರುತ್ತದೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳುವುದರಿಂದ, ಯಾದಗಿರಿ, ಶಹಾಪುರ, ಸುರಪುರಗಳ ಪ್ರತಿಯೊಂದು ದೊಡ್ಡ ಶಾಲೆಯಲ್ಲೂ ಇಂಥ ಹಲವು ಮಕ್ಕಳು ಇದ್ದಾರೆಂದು ತಿಳಿಯುವುದೇ ಸರಿ. ಒಂದು ಕೆಲಸದ ಮೇಲೆ ಗಮನ ನಿಲ್ಲದೆ, ಕುಳಿತಲ್ಲಿ ಕೂರಲಾಗದೆ, ಯೋಚಿಸುವ ಮೊದಲೇ ಮಾಡಿಬಿಡುವ ಮಕ್ಕಳ ಸ್ಥಿತಿಗೆ ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಚಿಕ್ಕದಾಗಿ ಎಡಿಎಚ್‌ಡಿ ಎನ್ನುತ್ತಾರೆ. ಈ ಮಕ್ಕಳಲ್ಲಿ ಶಯ್ಯಾಮೂತ್ರ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅಂಥ ಮಗು ಮನೆಯಲ್ಲಿ ಕೌದಿ ತೋಯಿಸಿದ್ದಕ್ಕೆ, ಶಾಲೆಯಲ್ಲಿ ತೂಕಡಿಸಿದ್ದಕ್ಕೆ, ಓಣಿಯಲ್ಲಿ ಜಗಳ ತೆಗೆದದ್ದಕ್ಕೆ ಬೇರೆ ಬೇರೆ ಜನರಿಂದ ಬೈಸಿಕೊಳ್ಳುತ್ತದೆಯೇ ಹೊರತು, ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರಬಹುದೆಂಬ ಅನುಮಾನ ಬೈಯುವವರಲ್ಲಿ ಯಾರಿಗೂ ಬರುವುದಿಲ್ಲ.

“ಸೊಕ್ಕಿಗಿ ಮಾಡ್ತಾನ”

ಮಗು ಬೇಕೆಂದೇ ಮಾಡುತ್ತದೆ, ಎದ್ದು ಹೋಗುವ ಸೋಮಾರಿತನಕ್ಕೆ ಮಾಡುತ್ತದೆ ಎಂಬುದು ಎಲ್ಲಕ್ಕಿಂತ ಹಳೆಯ ನಂಬಿಕೆ. ಹಗಲು ಹಠ ಮಾಡುವ ಮಗುವಿನ ವಿಷಯದಲ್ಲಂತೂ ಈ ಆರೋಪಕ್ಕೆ ಸಾಕ್ಷಿಯೇ ಬೇಕಾಗುವುದಿಲ್ಲ. ವಾಸ್ತವವಾಗಿ ಇದರ ಹಿಂದೆ ಮೂರು ದೈಹಿಕ ಕಾರಣಗಳಿದ್ದು, ಹೆಚ್ಚಿನ ಮಕ್ಕಳಲ್ಲಿ ಅವುಗಳಲ್ಲಿ ಎರಡಾದರೂ ಕೂಡಿಕೊಂಡಿರುತ್ತವೆ. ರಾತ್ರಿಯ ಹೊತ್ತು ಮೂತ್ರದ ಉತ್ಪತ್ತಿಯನ್ನು ತಗ್ಗಿಸುವಂತೆ ಮೂತ್ರಪಿಂಡಗಳಿಗೆ ಸೂಚಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕೆಲವರಲ್ಲಿ ಸಾಕಷ್ಟು ಏರುವುದಿಲ್ಲ. ಕೆಲವರ ಮೂತ್ರಕೋಶ ಪೂರ್ತಿ ತುಂಬುವ ಮೊದಲೇ ಸಂಕುಚಿಸುತ್ತದೆ. ಇನ್ನು ಮೂತ್ರಕೋಶ ಕಳಿಸುವ ಸೂಚನೆಗೆ ನಿದ್ದೆಯಲ್ಲಿರುವ ಮಿದುಳು ಎಚ್ಚರಗೊಳ್ಳದಿರುವುದು ಬಹುತೇಕ ಎಲ್ಲರಲ್ಲೂ ಕಾಣುವ ಅಂಶ. ವಂಶವಾಹಿಯ ಪಾತ್ರವೂ ದೊಡ್ಡದು: ತಂದೆತಾಯಿಗಳಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಈ ತೊಂದರೆಯಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ ಸುಮಾರು 77. ಬೆಳಗಾಗುತ್ತಲೇ ಕೋಲು ಹಿಡಿಯುವ ತಂದೆಯ ಬಾಲ್ಯದ ಸಂಗತಿಯನ್ನು ಮನೆಯ ಅಜ್ಜಿಯನ್ನು ಕೇಳಿದರೆ ಎಷ್ಟೋ ಬಾರಿ ಕೋಲು ತಾನಾಗಿ ಕೆಳಗಿಳಿಯುತ್ತದೆ. ಹೊಡೆತ, ಒದ್ದೆ ಬಟ್ಟೆಯಲ್ಲೇ ನಿಲ್ಲಿಸುವುದು, ಬರೆ ಹಾಕುವುದು ಈ ಮೂರು ಕಾರಣಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಹಗಲಿನ ಸಿಟ್ಟು ಮತ್ತು ಹಠವನ್ನು ಮಾತ್ರ ಹೆಚ್ಚಿಸುತ್ತವೆ.

“ಅವಂದು ಭಾಳ ಗಟ್ಟಿ ನಿದ್ದಿ”

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂಥ ಮಕ್ಕಳನ್ನು ಎಬ್ಬಿಸುವುದು ಕಷ್ಟವೆಂಬುದು ನಿಜ. ಆದರೆ ಎಬ್ಬಿಸಲು ಕಷ್ಟವಾದ ನಿದ್ದೆ ಒಳ್ಳೆಯ ನಿದ್ದೆಯೇ ಆಗಿರಬೇಕೆಂದಿಲ್ಲ. ತೀವ್ರ ಶಯ್ಯಾಮೂತ್ರವಿದ್ದ ಮಕ್ಕಳ ಮಿದುಳಿನ ಚಟುವಟಿಕೆಯನ್ನು ರಾತ್ರಿಯಿಡೀ ದಾಖಲಿಸಿದ ಹಾಂಗ್‌ಕಾಂಗ್‌ನ ವೈದ್ಯರು, ತುಂಬಿದ ಮೂತ್ರಕೋಶದ ಒತ್ತಡಕ್ಕೆ ಆ ಮಕ್ಕಳ ಮಿದುಳು ಪದೇ ಪದೇ ಅಲುಗಿದರೂ ಪೂರ್ಣ ಎಚ್ಚರಕ್ಕೆ ಬರುವುದಿಲ್ಲವೆಂದೂ, ಅವರ ನಿದ್ದೆ ಬಹುಪಾಲು ಹಗುರವಾದ ಹಂತಗಳಲ್ಲೇ ತುಂಡುತುಂಡಾಗಿ ಕಳೆಯುತ್ತದೆಂದೂ 2008ರಲ್ಲಿ ವರದಿ ಮಾಡಿದರು. ಹತ್ತು ಗಂಟೆ ಮಲಗಿ ಎದ್ದ ಮಗು ಮೂರನೆಯ ಪಾಠದ ಹೊತ್ತಿಗೆ ಬೆಂಚಿನ ಮೇಲೆ ತಲೆಯಿಡುವುದು ಹೇಗೆಂಬ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಇನ್ನೂ ಒಂದು ಸಂಗತಿ ಗಮನಿಸತಕ್ಕದ್ದು: ನಿದ್ದೆಗೆಟ್ಟ ದೊಡ್ಡವರು ಮಂಕಾಗುತ್ತಾರೆ, ನಿದ್ದೆಗೆಟ್ಟ ಮಕ್ಕಳು ಅನೇಕ ವೇಳೆ ಕೆರಳುತ್ತಾರೆ, ಚಡಪಡಿಸುತ್ತಾರೆ, ಸಣ್ಣ ಮಾತಿಗೆ ಸಿಡಿಯುತ್ತಾರೆ. ಈ ಲಕ್ಷಣಗಳು ಎಡಿಎಚ್‌ಡಿಯ ಲಕ್ಷಣಗಳನ್ನು ಎಷ್ಟು ಹೋಲುತ್ತವೆಂದರೆ, ನಿದ್ದೆಯನ್ನು ವಿಚಾರಿಸದೆ ನಡವಳಿಕೆಗೆ ಹೆಸರಿಡುವುದು ಅವಸರದ ಕೆಲಸವಾಗುತ್ತದೆ.

ಗೊರಕೆಯನ್ನು ಸುಖನಿದ್ದೆಯ ಗುರುತೆಂದು ನಂಬುವುದು ಇದಕ್ಕಿಂತ ಅಪಾಯಕಾರಿ. ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಮತ್ತು ಗಂಟಲಿನ ಟಾನ್ಸಿಲ್‌ಗಳು ಊದಿಕೊಂಡು ಉಸಿರ ದಾರಿಯನ್ನು ಕಟ್ಟಿದಾಗ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ, ನಡುನಡುವೆ ಕ್ಷಣಕಾಲ ಉಸಿರು ನಿಲ್ಲಿಸಿ ಬೆಚ್ಚುತ್ತದೆ. ಉಸಿರಿಗಾಗಿ ನಡೆಯುವ ಈ ಎಳೆದಾಟದಲ್ಲಿ ಹೃದಯದ ಮೇಲೆ ಒತ್ತಡ ಬಿದ್ದು, ಉಪ್ಪು ಮತ್ತು ನೀರನ್ನು ಹೊರಹಾಕಿಸುವ ಹಾರ್ಮೋನು ಬಿಡುಗಡೆಯಾಗಿ, ರಾತ್ರಿಯ ಮೂತ್ರ ಹೆಚ್ಚುತ್ತದೆ. ಹಾಸಿಗೆಯ ಒದ್ದೆಯೂ ಹಗಲಿನ ತೂಕಡಿಕೆಯೂ ಒಟ್ಟಿಗೆ ಇರುವ ಮಗುವನ್ನು ಕಿವಿ, ಮೂಗು, ಗಂಟಲಿನ ತಜ್ಞರಿಗೆ ತೋರಿಸಬೇಕಾದುದು ಈ ಕಾರಣಕ್ಕೆ. ಗ್ರಂಥಿಗಳ ಶಸ್ತ್ರಚಿಕಿತ್ಸೆಯ ನಂತರ ಇಂಥ ಮಕ್ಕಳಲ್ಲಿ ಗಣನೀಯ ಸಂಖ್ಯೆಯವರಿಗೆ ಎರಡೂ ತೊಂದರೆಗಳು ಒಟ್ಟಿಗೇ ತಗ್ಗುತ್ತವೆ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬ ಲೆಕ್ಕವನ್ನೂ ಮರೆಯುವಂತಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಮನೆಮಂದಿಯೆಲ್ಲ ಮಾಳಿಗೆ ಹತ್ತುವ ಊರುಗಳಲ್ಲಿ, ಮೊಬೈಲು ಕೈಯಲ್ಲಿರುವ ಹುಡುಗನಿಗೆ ಈ ಲೆಕ್ಕ ತಲುಪುವುದು ಅಪರೂಪ.

“ಸಂಜಿ ಆದ ಮ್ಯಾಲ ನೀರು ಕೊಡಬ್ಯಾಡ್ರಿ”

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಮಗುವಿಗೆ ನೀರು ನಿಲ್ಲಿಸುವುದು ಚಿಕಿತ್ಸೆಯಲ್ಲ. ಸಮಸ್ಯೆಯಿರುವುದು ಕುಡಿಯುವ ನೀರಿನ ಪ್ರಮಾಣದಲ್ಲಲ್ಲ, ಅದನ್ನು ಕುಡಿಯುವ ಹೊತ್ತಿನಲ್ಲಿ. ಶೌಚಾಲಯ ಸ್ವಚ್ಛವಿಲ್ಲವೆಂದೋ ಬೀಗ ಹಾಕಿದೆಯೆಂದೋ ಮಕ್ಕಳು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟು, ಬಂದ ಮೂತ್ರವನ್ನು ತಡೆದುಕೊಂಡು, ಮನೆಗೆ ಮರಳಿದ ಮೇಲೆ ದಿನದ ಬಾಯಾರಿಕೆಯನ್ನೆಲ್ಲ ಸಂಜೆಗೇ ತೀರಿಸಿಕೊಳ್ಳುತ್ತಾರೆ. ಜೊತೆಗೆ ಚಹಾ ಬೇರೆ. ಆಟದಲ್ಲೋ ಗಲಾಟೆಯಲ್ಲೋ ಮುಳುಗಿದ ಅತಿಚಟುವಟಿಕೆಯ ಮಗುವಿಗೆ ಮೂತ್ರಕೋಶದ ಕರೆ ಕೇಳಿಸುವುದೇ ತಡವಾಗಿ. ಆದ್ದರಿಂದ ನೀರಿನ ಹೆಚ್ಚಿನ ಪಾಲನ್ನು ಬೆಳಗ್ಗೆ ಮತ್ತು ಮಧ್ಯಾಹ್ನಕ್ಕೆ ಸರಿಸಿ, ಎರಡು ಮೂರು ಗಂಟೆಗೊಮ್ಮೆ ಕರೆ ಬರಲಿ ಬಾರದಿರಲಿ ಮೂತ್ರಕ್ಕೆ ಕಳಿಸಿ, ಸಂಜೆಯ ಚಹಾ ಮತ್ತು ಬಾಟಲಿ ಪಾನೀಯಗಳನ್ನು ಬಿಡಿಸಿ, ಮಲಗುವ ಮುನ್ನ ಮತ್ತೊಮ್ಮೆ ಕಳಿಸುವ ಕ್ರಮವನ್ನು ವೈದ್ಯರು ಮೊದಲು ಹೇಳುತ್ತಾರೆ. ಹನ್ನೆರಡು ವರ್ಷದೊಳಗಿನ ಮಗುವಿನ ವಯಸ್ಸಿಗೆ ಒಂದನ್ನು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬೇಕೆಂಬ ಅಂದಾಜು ಸಿಗುತ್ತದೆ: ಹತ್ತು ವರ್ಷದವರಿಗೆ 330. ರಜೆಯ ಎರಡು ದಿನ ಮೂತ್ರವನ್ನು ಅಳತೆಯ ಲೋಟದಲ್ಲಿ ಅಳೆದು ಬರೆದಿಟ್ಟ ಪಟ್ಟಿ ವೈದ್ಯರ ಕೈಗೆ ಸಿಕ್ಕರೆ ಅನೇಕ ಪರೀಕ್ಷೆಗಳ ಖರ್ಚು ಉಳಿಯುತ್ತದೆ.

ನೀರಿನ ಮೇಲೆ ಇಷ್ಟು ಕಣ್ಣಿಡುವ ಮನೆಗಳಲ್ಲಿ ಮಲಬದ್ಧತೆಯನ್ನು ಯಾರೂ ಕೇಳದಿರುವುದು ಸೋಜಿಗ. ಗುದನಾಳವು ಮೂತ್ರಕೋಶದ ಹಿಂದೆಯೇ ಇರುವುದರಿಂದ ಅಲ್ಲಿ ಕಟ್ಟಿಕೊಂಡ ಮಲ ಮೂತ್ರಕೋಶವನ್ನು ಒತ್ತಿ ಅದರ ಜಾಗವನ್ನು ಕಿರಿದುಗೊಳಿಸುತ್ತದೆ. ಮಲಬದ್ಧತೆಯೂ ಶಯ್ಯಾಮೂತ್ರವೂ ಇದ್ದ ಮಕ್ಕಳಲ್ಲಿ ಮಲಬದ್ಧತೆಯೊಂದನ್ನೇ ಗುಣಪಡಿಸಿದಾಗ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳ ರಾತ್ರಿಯ ಒದ್ದೆ ನಿಂತಿತೆಂದು ಅಮೆರಿಕದ ಅಧ್ಯಯನವೊಂದು 1997ರಲ್ಲಿ ತೋರಿಸಿತು. ಬಯಲಿಗೆ ಹೋಗುವ ಮನೆಗಳಲ್ಲಿ ಕತ್ತಲಾಗುವವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳಿಗೂ, ರೊಟ್ಟಿ ಮತ್ತು ಪುಂಡಿಪಲ್ಯ ಬಿಟ್ಟು ಹತ್ತು ರೂಪಾಯಿಯ ಕುರುಕಲು ಪೊಟ್ಟಣದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಹುಡುಗರಿಗೂ ಇದು ನೇರವಾಗಿ ಅನ್ವಯಿಸುತ್ತದೆ.

“ನಡುರಾತ್ರಿ ಎಬ್ಬಿಸಿದ್ರ ಸಾಕು”

ಅರೆನಿದ್ದೆಯಲ್ಲಿರುವ ಮಗುವನ್ನು ಹೊರಗೆ ನಿಲ್ಲಿಸಿ ಮೂತ್ರ ಮಾಡಿಸಿದರೆ ಆ ರಾತ್ರಿಯ ಕೌದಿ ಉಳಿಯಬಹುದು, ಮಿದುಳು ಏನನ್ನೂ ಕಲಿಯುವುದಿಲ್ಲ. ಕಲಿಸುವ ಸಾಧನವೆಂದರೆ ಅಲಾರಂ. 1938ರಲ್ಲಿ ಅಮೆರಿಕದ ಮೌರರ್ ದಂಪತಿ ಪ್ರಚಾರಕ್ಕೆ ತಂದ ಈ ವಿಧಾನದ ಇಂದಿನ ರೂಪದಲ್ಲಿ, ಒಳಉಡುಪಿಗೆ ಸಿಕ್ಕಿಸಿದ ಪುಟ್ಟ ಸಾಧನ ಮೊದಲ ಹನಿಗೇ ಕೂಗಿ ಮಗುವನ್ನು ಎಬ್ಬಿಸುತ್ತದೆ. ಸತತ ಹದಿನಾಲ್ಕು ಒಣ ರಾತ್ರಿಗಳು ಬರುವವರೆಗೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಳಸಿದವರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಮಕ್ಕಳಿಗೆ ಫಲ ಸಿಗುತ್ತದೆ. ಮೊದಲ ವಾರಗಳಲ್ಲಿ ಅಲಾರಂ ಮಗುವನ್ನು ಬಿಟ್ಟು ಉಳಿದವರೆಲ್ಲರನ್ನೂ ಎಬ್ಬಿಸುವುದರಿಂದ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗೆ ಇದು ಸುಲಭದ ಸಲಹೆಯಲ್ಲ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದರ ಯಶಸ್ಸು ಕಡಿಮೆ. ದೊಡ್ಡವರೊಬ್ಬರು ಪ್ರತಿ ಸಲ ಎದ್ದು ಮಗುವನ್ನು ಪೂರ್ಣ ಎಚ್ಚರಕ್ಕೆ ತರಲು ಒಪ್ಪಿದಾಗಲೇ ಇದನ್ನು ಆರಂಭಿಸುವುದು ಲೇಸು. ಒಣ ರಾತ್ರಿಗೆ ಬಹುಮಾನ ಕೊಡುವುದಕ್ಕಿಂತ ಎದ್ದು ಹೋದದ್ದಕ್ಕೆ, ತೊಯ್ದ ಬಟ್ಟೆಯನ್ನು ತಾನೇ ಬಕೆಟ್ಟಿಗೆ ಹಾಕಿದ್ದಕ್ಕೆ ಮೆಚ್ಚುಗೆ ತೋರುವುದು ನ್ಯಾಯ, ಏಕೆಂದರೆ ಮಗುವಿನ ಕೈಯಲ್ಲಿರುವುದು ಅಷ್ಟೇ.

“ಆ ಗುಳಿಗಿಯಿಂದ್ಲೇ ಹಿಂಗ ಆಗ್ಯಾದ”

ಈ ದೂರನ್ನು ತಳ್ಳಿಹಾಕುವಂತಿಲ್ಲ. ತೀವ್ರ ಸಿಟ್ಟು ಮತ್ತು ಆಕ್ರಮಣಶೀಲತೆಗೆ ಕೊಡುವ ರಿಸ್ಪೆರಿಡೋನ್, ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್ ಮೊದಲಾದ ಔಷಧಗಳು ಕೆಲವು ಮಕ್ಕಳಲ್ಲಿ ತೂಕಡಿಕೆಯನ್ನೂ ಶಯ್ಯಾಮೂತ್ರವನ್ನೂ ತರುತ್ತವೆ. ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಗುಳಿಗೆಯನ್ನು ಮನೆಯಲ್ಲೇ ನಿಲ್ಲಿಸಿಬಿಡುವುದರಲ್ಲಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು, ನಡವಳಿಕೆ ಬಿಗಡಾಯಿಸಬಹುದು. ಪ್ರಮಾಣವನ್ನು, ಹೊತ್ತನ್ನು, ಔಷಧವನ್ನು ಬದಲಿಸುವುದು ಬರೆದುಕೊಟ್ಟ ವೈದ್ಯರಿಂದಲೇ ಆಗಬೇಕು. ಶಯ್ಯಾಮೂತ್ರಕ್ಕೆಂದೇ ಇರುವ ಡೆಸ್ಮೊಪ್ರೆಸಿನ್ ವ್ಯಾಸೊಪ್ರೆಸಿನ್‌ನ ಕೆಲಸವನ್ನೇ ಮಾಡುತ್ತದೆ, ಹಾಸ್ಟೆಲ್ ವಾಸ ಅಥವಾ ಜಾತ್ರೆಯ ದಿನಗಳಿಗೆ ಒದಗುತ್ತದೆ. ಆದರೆ ಅದನ್ನು ನುಂಗುವ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ನೀರನ್ನು ಗುಟುಕಿಗೆ ಮಿತಗೊಳಿಸದಿದ್ದರೆ ರಕ್ತದಲ್ಲಿ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಸೆಕೆಯ ರಾತ್ರಿಯಲ್ಲಿ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಮಲಗುವ ಕಡೆ ಈ ಎಚ್ಚರಿಕೆಯನ್ನು ಎರಡು ಸಲ ಹೇಳಬೇಕು. ಹಳೆಯ ಔಷಧವಾದ ಇಮಿಪ್ರಮಿನ್ ಅಗ್ಗವೇನೋ ಹೌದು, ಆದರೆ ಮಿತಿ ಮೀರಿದರೆ ಹೃದಯದ ಬಡಿತವನ್ನೇ ಕೆಡಿಸುವಂಥದು. ಪುಟ್ಟ ತಮ್ಮತಂಗಿಯರಿರುವ ಮನೆಯಲ್ಲಿ ಅದು ಬೀಗದೊಳಗಿರಬೇಕು.

ತಾಯಿತ ಕಟ್ಟಿಸುವುದರಿಂದಲೋ ದರ್ಗಾಕ್ಕೆ ಹರಕೆ ಹೊರುವುದರಿಂದಲೋ ಮೈಗೆ ಹಾನಿಯಿಲ್ಲ, ಅದರಿಂದ ಕಾಲ ಕಳೆದುಹೋಗದಿದ್ದರೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ಅದಕ್ಕೆ ‘ಗಾಳಿ’ ಸೋಕಿದ್ದೆನ್ನುವ ಮೊದಲು ರಕ್ತದ ಸಕ್ಕರೆ ಮತ್ತು ಮೂತ್ರ ಪರೀಕ್ಷೆಯಾಗಬೇಕು. ವಿಪರೀತ ಬಾಯಾರಿಕೆ, ತೂಕ ಇಳಿಕೆ ಮತ್ತು ಮಂಪರು ಸೇರಿದರೆ ಅದು ಮಧುಮೇಹದ ತುರ್ತು ಸ್ಥಿತಿಯಾಗಿರಬಹುದು. ಬೆಳಗ್ಗೆ ನಾಲಿಗೆ ಕಚ್ಚಿದ ಗುರುತಿದ್ದರೆ ರಾತ್ರಿಯ ಮೂರ್ಛೆಯನ್ನು, ಕಾಲುಗಳಲ್ಲಿ ಬಲ ಕುಂದಿದ್ದರೆ ಬೆನ್ನುಹುರಿಯನ್ನು, ಮಗು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಜಾಗಕ್ಕೆ ಅಂಜುತ್ತಿದ್ದರೆ ಲೈಂಗಿಕ ದೌರ್ಜನ್ಯವನ್ನು ಶಂಕಿಸಬೇಕು.

ದೊಡ್ಡವನಾದಂತೆ ತಾನೇ ಹೋಗುತ್ತದೆ ಎಂಬ ಸಮಾಧಾನ ಸುಳ್ಳಲ್ಲ, ನಿಧಾನ: ವರ್ಷಕ್ಕೆ ನೂರರಲ್ಲಿ ಸುಮಾರು 15 ಮಕ್ಕಳಷ್ಟೇ ಚಿಕಿತ್ಸೆಯಿಲ್ಲದೆ ಹೊರಬರುತ್ತಾರೆ. ಹೆತ್ತವರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದಾಗ ವಸತಿಶಾಲೆಗೋ ಅಜ್ಜಿಯ ಮನೆಗೋ ಸೇರುವ ಹನ್ನೆರಡರ ಹುಡುಗ ಅಷ್ಟು ವರ್ಷ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಗುಟ್ಟು ಬಯಲಾದೀತೆಂದು ರಾತ್ರಿಯಿಡೀ ಎಚ್ಚರವಿದ್ದು ಹಗಲು ತರಗತಿಯಲ್ಲಿ ನಿದ್ದೆಹೋಗುವವರೂ ಇರುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದಾಗ ಶಿಕ್ಷಕರು ಇಂಥ ಮಗುವನ್ನು ಗುಂಪಿನಿಂದ ಬೇರೆಯಾಗಿ ಕರೆದು ತೋರಿಸಬಹುದು. ಶಹಾಪುರ, ಸುರಪುರಗಳ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಿ, ಬೇಕಾದರೆ ಯಾದಗಿರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೋಗಬಹುದು. ನಡವಳಿಕೆಯ ಚಿಕಿತ್ಸೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ, ಖರ್ಚಿಲ್ಲದೆ ಸಲಹೆ ಸಿಗುತ್ತದೆ. ವಸತಿಶಾಲೆಯ ವಾರ್ಡನ್ ಮಾಡಬೇಕಾದುದು ಹೆಚ್ಚೇನಿಲ್ಲ: ಬಾಗಿಲ ಹತ್ತಿರದ ಹಾಸಿಗೆ, ಶೌಚಾಲಯದವರೆಗೆ ರಾತ್ರಿಯಿಡೀ ಉರಿಯುವ ಒಂದು ದೀಪ, ಹಾಸುಬಟ್ಟೆಯ ಕೆಳಗೆ ಪ್ಲಾಸ್ಟಿಕ್ ಹಾಳೆ, ಯಾರ ಕಣ್ಣಿಗೂ ಬೀಳದಂತೆ ಬಟ್ಟೆ ಬದಲಿಸಿಕೊಳ್ಳಲು ಬೆಳಗಿನ ಹತ್ತು ನಿಮಿಷ.