ಬಿಡುಗಡೆಯ ಮರುವರ್ಷ: ಯೆರೆಮೀಯ 34, ಅಮೆರಿಕದ ಅಂತರ್ಯುದ್ಧ ಮತ್ತು ನಮ್ಮ ಸೀಮೆಯ ಜೀತ

ದಾಸತ್ವವನ್ನು ಕುರಿತು ಪ್ರಸಂಗಿಸುವಾಗ ನಾವು ಸಾಮಾನ್ಯವಾಗಿ ವಿಮೋಚನಕಾಂಡವನ್ನು ತೆರೆಯುತ್ತೇವೆ. ಸಮುದ್ರವು ಇಬ್ಭಾಗವಾಗುತ್ತದೆ, ಜನರು ದಾಟುತ್ತಾರೆ, ಫರೋಹನ ರಥಗಳು ಮುಳುಗುತ್ತವೆ. ಪ್ರಸಂಗವೂ ಅಲ್ಲಿಗೆ ಮುಗಿಯುತ್ತದೆ. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯವನ್ನು ತೆರೆಯುವವರು ವಿರಳ. ಬಾಬೆಲಿನ ಸೈನ್ಯವು ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾಗ ಅರಸನಾದ ಚಿದ್ಕೀಯನು ಜನರೊಡನೆ ಒಡಂಬಡಿಕೆ ಮಾಡಿಕೊಂಡು ಇಬ್ರಿಯ ದಾಸದಾಸಿಯರಿಗೆ ಬಿಡುಗಡೆಯನ್ನು ಸಾರುತ್ತಾನೆ. ಪ್ರಧಾನರೂ ಪ್ರಜೆಗಳೂ ಒಪ್ಪಿ ಅವರನ್ನು ಕಳುಹಿಸಿಬಿಡುತ್ತಾರೆ. ಮುಂದೆ ಶತ್ರುಸೈನ್ಯವು ಹಿಂದೆ ಸರಿಯುತ್ತದೆ. ಬಿಟ್ಟವರೇ ಮನಸ್ಸು ಬದಲಾಯಿಸಿ, ಬಿಟ್ಟ ಜನರನ್ನು ಮತ್ತೆ ದಾಸತ್ವಕ್ಕೆ ಎಳೆದುಕೊಳ್ಳುತ್ತಾರೆ. ಇಲ್ಲಿ ಬಿಡುಗಡೆಗೆ ಬಳಸಿರುವ ‘ದೆರೋರ್’ ಎಂಬ ಹೀಬ್ರೂ ಪದವೇ ಯಾಜಕಕಾಂಡ 25ರ ಜೂಬಿಲಿಯ ವಿಧಿಯಲ್ಲಿಯೂ, ನಮ್ಮ ಕರ್ತನು ನಜರೇತಿನಲ್ಲಿ ಓದಿದ ಯೆಶಾಯ 61ರಲ್ಲಿಯೂ ಬರುತ್ತದೆ.

ಬಿಡುಗಡೆಯಾದ ಮೇಲೆ ಏನಾಯಿತು ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳುವ ಭಾಗವು ಸತ್ಯವೇದದಲ್ಲಿ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸಭಾಸೇವೆ ಮಾಡುವವರೂ ಮಾಡಲಿರುವವರೂ ಇದನ್ನು ಏಕೆ ಓದಬೇಕೆಂದು ವಿವರಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಅಮೆರಿಕದ ಅಂತರ್ಯುದ್ಧವನ್ನು ನೋಡಬೇಕಾಗಿದೆ. ಚಿದ್ಕೀಯನ ಕಾಲದಲ್ಲಿ ನಡೆದದ್ದು ಅಲ್ಲಿ ಒಂದು ಇಡೀ ರಾಷ್ಟ್ರದ ಪ್ರಮಾಣದಲ್ಲಿ ನಡೆಯಿತು. ಸಭೆಯು ಅದರ ಎರಡೂ ಪಕ್ಷಗಳಲ್ಲಿ ನಿಂತಿತ್ತು.

ಯುದ್ಧವು ರಣರಂಗದಲ್ಲಿ ಆರಂಭವಾಗುವುದಕ್ಕೆ ಮೊದಲೇ ಸಭೆಗಳಲ್ಲಿ ಆರಂಭವಾಗಿತ್ತು. ಅಲ್ಲಿಯ ಮೆಥೊಡಿಸ್ಟ್ ಸಭೆ 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಇದೇ ಪ್ರಶ್ನೆಯ ಮೇಲೆ ಒಡೆದರು. ದಕ್ಷಿಣದ ಪ್ರಸಂಗಿಗಳು ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಎತ್ತಿಹಿಡಿದು, ಓಡಿಹೋದ ದಾಸನನ್ನು ಪೌಲನೇ ಒಡೆಯನಿಗೆ ಹಿಂದಿರುಗಿಸಿದನೆಂದು ಬೋಧಿಸಿದರು. 1861ರ ಏಪ್ರಿಲಿನಿಂದ 1865ರ ಏಪ್ರಿಲಿನವರೆಗೆ ನಡೆದ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಸುಮಾರು 40 ಲಕ್ಷ ಜನರ ದಾಸತ್ವವು ಕಾನೂನಿನಲ್ಲಿ ಕೊನೆಗೊಂಡಿತು. ಲಿಂಕನ್ನರ 1863ರ ಘೋಷಣೆಯು ಯುದ್ಧದ ಒಂದು ಕ್ರಮವಾಗಿತ್ತು; ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮುತ್ತಿಗೆಯ ನಡುವೆ ಹುಟ್ಟಿದ ಚಿದ್ಕೀಯನ ಒಡಂಬಡಿಕೆಯು ಇಲ್ಲಿ ನೆನಪಿಗೆ ಬಾರದಿರದು.

ಆ ಯುದ್ಧದ ಒಂದು ಸಂಜೆಯನ್ನು ದೈವಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ತಿಳಿದಿರಬೇಕು. 1865ರ ಜನವರಿ 12ರಂದು ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ ಜನರಲ್ ಶೆರ್ಮನ್ನರೂ ಯುದ್ಧಮಂತ್ರಿ ಸ್ಟಾಂಟನ್ನರೂ ಕರಿಯ ಜನಾಂಗದ 20 ಮಂದಿ ಸಭಾಸೇವಕರನ್ನು ಕರೆಸಿ, ನಿಮ್ಮ ಜನರಿಗೆ ಏನು ಬೇಕೆಂದು ಕೇಳಿದರು. ಅವರ ಪರವಾಗಿ ಮಾತಾಡಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಹಣ ತೆತ್ತು ತನ್ನನ್ನೂ ಹೆಂಡತಿಯನ್ನೂ ಬಿಡಿಸಿಕೊಂಡಿದ್ದ ಬ್ಯಾಪ್ಟಿಸ್ಟ್ ಸೇವಕರು. ಒಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಬಲದಿಂದ ಪಡೆಯುವುದೇ ದಾಸತ್ವವೆಂದೂ, ತಮಗೆ ಬೇಕಾದದ್ದು ಸ್ವಂತ ದುಡಿಮೆಯಿಂದ ಉಳುವುದಕ್ಕೆ ಭೂಮಿಯೆಂದೂ ಅವರು ತಿಳಿಸಿದರು. ಅವರು ದಯೆಯನ್ನಾಗಲಿ ಪರಿಹಾರಧನವನ್ನಾಗಲಿ ಮುಂದಿಡಲಿಲ್ಲ. ನಾಲ್ಕು ದಿನಗಳಲ್ಲಿ ಶೆರ್ಮನ್ನರ ಆಜ್ಞೆ ಹೊರಟಿತು: ಕರಾವಳಿಯ ಭೂಮಿಯಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ. ಕೆಲವೇ ತಿಂಗಳುಗಳಲ್ಲಿ ಸುಮಾರು 40,000 ಜನರು ಅಲ್ಲಿ ನೆಲೆಸಿದರು.

ಲಿಂಕನ್ನರ ಕೊಲೆಯಾದ ಮೇಲೆ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ನರು ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೆ ಹಿಂದಿರುಗಿಸಿದರು. ಅಕ್ಟೋಬರಿನಲ್ಲಿ ಎಡಿಸ್ಟೊ ದ್ವೀಪದ ಜನರಿಗೆ ಈ ಸುದ್ದಿಯನ್ನು ತಿಳಿಸಲು ಜನರಲ್ ಹೋವರ್ಡರು ಅವರನ್ನು ಸೇರಿಸಿದ್ದು ಒಂದು ದೇವಾಲಯದಲ್ಲಿ. ಆಮೇಲಿನದು ನಮ್ಮ ರೈತರಿಗೆ ಹೊಸದೆನಿಸದ ಕಥೆ: ಭೂಮಿ ಒಡೆಯನದು, ಬೆಳೆಯಲ್ಲಿ ಪಾಲು, ಬೀಜಕ್ಕೂ ಹಿಟ್ಟಿಗೂ ಅಂಗಡಿಯ ಸಾಲ, ಲೆಕ್ಕದ ಪುಸ್ತಕ ಸಾಲ ಕೊಟ್ಟವನ ಕೈಯಲ್ಲಿ. 13ನೆಯ ತಿದ್ದುಪಡಿಯು ದಾಸತ್ವವನ್ನು ತೆಗೆದುಹಾಕಿದರೂ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ಬಲವಂತದ ದುಡಿಮೆಯನ್ನು ಉಳಿಸಿತು. ಕೈದಿಗಳನ್ನು ಗುತ್ತಿಗೆಗೆ ಕೊಡುವ ವ್ಯವಸ್ಥೆಯು ಆ ಬಾಗಿಲಿನಿಂದ ಒಳಬಂದಿತು. 1877ರಲ್ಲಿ ಒಕ್ಕೂಟದ ಸೈನ್ಯವು ದಕ್ಷಿಣದ ರಾಜ್ಯಗಳ ರಾಜಕೀಯದಿಂದ ಹಿಂದೆ ಸರಿಯಿತು. ಮುತ್ತಿಗೆಯು ತೆರವಾಗಿತ್ತು.

ಈಗ ನಮ್ಮ ಸೀಮೆಗೆ ಬರೋಣ. ನಾಲ್ಕು ತಾಲ್ಲೂಕುಗಳೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಒಂದೇ ಬಗೆಯ ನೆಲವಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆಯ ತೋಟ. ಹೊನ್ನಾಳಿಯ ಪಕ್ಕದಲ್ಲಿ ತುಂಗಭದ್ರೆ. ಅದರಿಂದ ಬೇರ್ಪಟ್ಟ ನ್ಯಾಮತಿಯಲ್ಲಿ ಬಂಜಾರರ ಪೂಜ್ಯ ಸೇವಾಲಾಲರ ಹೆಸರಿಗೆ ಸೇರಿದ ಸೂರಗೊಂಡನಕೊಪ್ಪ ಮತ್ತು ಅನೇಕ ತಾಂಡಾಗಳು. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಬೆದ್ದಲು. ನೀರಿದ್ದಲ್ಲಿ ಆಳು ಬೇಕು, ನೀರಿಲ್ಲದಲ್ಲಿ ಸಾಲ ಬೇಕು. ಜೀತವು ಬೆಳೆದದ್ದು ಈ ಎರಡರ ನಡುವೆ. ಮದುವೆಗೋ ಕಾಯಿಲೆಗೋ ತಂದೆ ಹಣ ತೆಗೆದುಕೊಂಡರೆ ಮಗ ಧಣಿಯ ಮನೆಯಲ್ಲಿ ದನ ಕಾಯಲು ನಿಲ್ಲುತ್ತಿದ್ದನು. ಯುಗಾದಿಯಿಂದ ಯುಗಾದಿಗೆ ವರ್ಷ. ಕೂಲಿಯೆಂದರೆ ಇಷ್ಟು ಸೇರು ಜೋಳ ಅಥವಾ ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಅಸಲು ಹಾಗೆಯೇ ಉಳಿಯುತ್ತಿತ್ತು. ನಮ್ಮಲ್ಲಿ ದುಡಿಯುವವನ ಜಾತಿಯೂ ಸಾಲದಷ್ಟೇ ಬಿಗಿಯಾದ ಹಗ್ಗವಾಗಿತ್ತು ಎಂಬುದನ್ನು ಮರೆಯಬಾರದು.

ಸಂವಿಧಾನದ 23ನೆಯ ಅನುಚ್ಛೇದವು ಬಲವಂತದ ದುಡಿಮೆಯನ್ನು 1950ರಿಂದಲೇ ನಿಷೇಧಿಸಿತ್ತು. ಆದರೂ ಜೀತವನ್ನು ಹೆಸರಿಸಿ ರದ್ದುಗೊಳಿಸಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ. ಅದು 1976ರಲ್ಲಿ ಅಧಿನಿಯಮವಾಯಿತು. ಕಾನೂನು ಪಟ್ಟಿಮಾಡಿದ ದಾಸ್ಯಪದ್ಧತಿಗಳಲ್ಲಿ ನಮ್ಮ ‘ಜೀತ’ವೂ ಇದೆ. ಜೀತದ ಸಾಲವು ಅಲ್ಲಿಗೆ ತೀರಿತು, ಅದನ್ನು ವಸೂಲಿ ಮಾಡಲು ಯಾವ ನ್ಯಾಯಾಲಯಕ್ಕೂ ಹೋಗುವಂತಿಲ್ಲ, ಬಿಡುಗಡೆಯಾದವನನ್ನು ಅವನ ಗುಡಿಸಲಿನಿಂದ ಹೊರಡಿಸುವಂತಿಲ್ಲ ಎಂದು ಅದು ವಿಧಿಸಿತು. ನ್ಯಾಯವಾದ ಕಾನೂನೇ. ಆದರೆ ಅದು ಬಂದದ್ದು ತುರ್ತುಪರಿಸ್ಥಿತಿಯ ದಿನಗಳಲ್ಲಿ, ಆಳುವವರಿಗೆ ಜನರ ಒಲವು ಬೇಕಾಗಿದ್ದ ಕಾಲದಲ್ಲಿ. ಬಿಡುಗಡೆಯಾದವರಿಗೆ ಪುನರ್ವಸತಿ ಕಲ್ಪಿಸದಿದ್ದರೆ ಅವರು ಮತ್ತೆ ಅದೇ ಜೀತಕ್ಕೆ ತಳ್ಳಲ್ಪಡುವರೆಂದು ಸರ್ವೋಚ್ಚ ನ್ಯಾಯಾಲಯವೇ 1984ರಲ್ಲಿ ಎಚ್ಚರಿಸಬೇಕಾಯಿತು. 2016ರ ಕೇಂದ್ರ ಯೋಜನೆಯು ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. ಆದರೆ ತಕ್ಷಣದ ಅಲ್ಪ ನೆರವನ್ನು ಬಿಟ್ಟರೆ ಉಳಿದ ಹಣವನ್ನು ಧಣಿಯ ಮೇಲಿನ ಮೊಕದ್ದಮೆಯ ಫಲಿತಾಂಶಕ್ಕೆ ಕಟ್ಟಿಹಾಕಿತು.

ಇಂದು ‘ಜೀತ’ ಎಂಬ ಮಾತು ಕೇಳಿಬರುವುದು ಕಡಿಮೆ. ‘ಮುಂಗಡ’ ಎಂಬ ಮಾತು ಕೇಳಿಬರುತ್ತದೆ. ತಾಂಡಾಗಳಿಂದಲೂ ಒಣ ಊರುಗಳಿಂದಲೂ ಕುಟುಂಬಗಳು ಮೇಸ್ತ್ರಿಯ ಹಣ ಪಡೆದು ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಹೋಗುತ್ತವೆ. ಗುಳೆ ಹೋಗುವುದೆಲ್ಲ ಜೀತವೆಂದು ನಾವು ಹೇಳುತ್ತಿಲ್ಲ. ಮುಂಗಡದ ಕಾರಣದಿಂದ ಬೇರೆ ಕಡೆ ದುಡಿಯುವ ಅಥವಾ ಊರಿಗೆ ಮರಳುವ ಸ್ವಾತಂತ್ರ್ಯ ತಪ್ಪಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಜೀತವೇ. ಭಾನುವಾರದ ಆರಾಧನೆಗೆ ಬಾರದ ಕುಟುಂಬವನ್ನು ಕುರಿತು, ಎಲ್ಲಿಗೆ ಹೋದರು ಎಂಬುದರ ಜೊತೆಗೆ, ಯಾವ ಕರಾರಿನ ಮೇಲೆ ಹೋದರು ಎಂದೂ ಸಭಾಪಾಲಕರು ವಿಚಾರಿಸಬೇಕು.

ಇಲ್ಲಿ ಸಭೆಗೆ ಒಂದು ಮುಜುಗರದ ನೆನಪೂ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕರಾವಳಿಯ ಕಾದಂಬರಿ. ಸಾಲಕ್ಕೆ ಸಿಕ್ಕಿದ ಚೋಮನ ಆಸೆಯೂ ಫ್ರೇಜಿಯರರದೇ, ಉಳುವುದಕ್ಕೆ ತನ್ನದೆಂಬ ಭೂಮಿ. ಮತಾಂತರವಾದರೆ ಭೂಮಿ ದೊರೆಯುವುದೆಂದು ಹೊರಟ ಅವನು ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ನಾವು ಈ ಪ್ರಸಂಗವನ್ನು ಚೋಮನ ಅವಿಶ್ವಾಸವೆಂದು ಓದಬಾರದು. ದೀಕ್ಷಾಸ್ನಾನಕ್ಕೆ ಬದಲಾಗಿ ಕೊಡುವ ಹೊಲವೂ ಒಂದು ಮುಂಗಡವೇ.

ಧರ್ಮೋಪದೇಶಕಾಂಡ 15 ವಿಧಿಸುವುದು ಬೇರೆಯೇ ಬಗೆಯ ಕೊಡುಗೆಯನ್ನು. ಏಳನೆಯ ವರ್ಷದಲ್ಲಿ ಹೊರಡುವ ದಾಸನನ್ನು ಬರಿಗೈಯಲ್ಲಿ ಕಳುಹಿಸಬಾರದು. ಹಟ್ಟಿಯಿಂದ, ಕಣದಿಂದ, ದ್ರಾಕ್ಷೆಯ ಆಲೆಯಿಂದ ಧಾರಾಳವಾಗಿ ಕೊಡಬೇಕು. ಅಲ್ಲಿ ಷರತ್ತಿಲ್ಲ, ಐಗುಪ್ತದ ನೆನಪೊಂದೇ ಕಾರಣ. ಒಡೆಯರು ಎತ್ತಿಹಿಡಿದ ಫಿಲೆಮೋನನ ಪತ್ರಿಕೆಯಲ್ಲಿಯೂ 18 ಮತ್ತು 19ನೆಯ ವಚನಗಳನ್ನು ನೋಡಿರಿ. ಒನೇಸಿಮನ ಸಾಲವೇನಾದರೂ ಇದ್ದರೆ ಪೌಲನು ಅದನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡು, ತೀರಿಸುವೆನೆಂದು ಸ್ವಹಸ್ತದಿಂದ ಬರೆದುಕೊಡುತ್ತಾನೆ. ದಾಸನ ಬಿಡುಗಡೆಯ ಮಾತು ಬಂದಾಗ ಅಪೊಸ್ತಲನು ಮೊದಲು ಲೆಕ್ಕದ ಪುಸ್ತಕಕ್ಕೆ ಕೈಹಾಕಿದನು.

1976ರ ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ, ಪ್ರತಿ ಉಪವಿಭಾಗದಲ್ಲಿಯೂ ಜಾಗೃತಿ ಸಮಿತಿ ಇರಬೇಕು. ಜಿಲ್ಲಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಗಳ ಮೂವರಿಗೂ, ಜಿಲ್ಲೆಯಲ್ಲಿ ವಾಸಿಸುವ ಇಬ್ಬರು ಸಮಾಜಸೇವಕರಿಗೂ ಸ್ಥಾನವಿದೆ. ಬಿಡುಗಡೆಯಾದವರ ಪುನರ್ವಸತಿಯನ್ನು ನೋಡಿಕೊಳ್ಳುವುದು ಆ ಸಮಿತಿಯ ಕರ್ತವ್ಯ. ನಮ್ಮ ಜಿಲ್ಲೆಯಲ್ಲಿ ಆ ಸ್ಥಾನಗಳಲ್ಲಿ ಯಾರಿದ್ದಾರೆ, ಸಮಿತಿಯು ಕೊನೆಯದಾಗಿ ಯಾವಾಗ ಸೇರಿತು ಎಂದು ಜಿಲ್ಲಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸುವ ಹಕ್ಕು ಸಭಾಪಾಲಕರಿಗೂ ಇದೆ, ವಿದ್ಯಾರ್ಥಿಗಳಿಗೂ ಇದೆ.