ವೈದ್ಯರಿಗೂ ಬೇಕು ಒಂದು ಸಲಹೆ

ಮಗು ಏನನ್ನೋ ನುಂಗಿತೆಂದು ತಾಯಿ ಅದನ್ನೆತ್ತಿಕೊಂಡು ಆಸ್ಪತ್ರೆಗೆ ಧಾವಿಸುತ್ತಾಳೆ. ತುರ್ತು ಚಿಕಿತ್ಸೆಯ ವೈದ್ಯರು ಕೇಳುವುದು ಮೂರೇ ಪ್ರಶ್ನೆ: ನುಂಗಿದ್ದೇನು? ಎಷ್ಟು? ಯಾವಾಗ? ಉತ್ತರ ದೊರೆತರೂ ಆತಂಕ ತೀರದು. ಮಾರುಕಟ್ಟೆಯಲ್ಲಿರುವ ಅಸಂಖ್ಯ ಮಾತ್ರೆ, ಕೀಟನಾಶಕ, ಬಣ್ಣಗಳಲ್ಲಿ ಏನೇನು ಬೆರೆತಿದೆಯೆಂಬುದನ್ನು ನೆನಪಿನಲ್ಲಿಡುವುದು ಎಂಥ ಪಂಡಿತನಿಗೂ ಅಸಾಧ್ಯ.

ಅಮೆರಿಕದ ಶಿಕಾಗೋ ನಗರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಔಷಧತಜ್ಞ ಲೂಯಿ ಗ್ಡಾಲ್ಮನ್ ಇಂಥ ವಿವರಗಳನ್ನು ಚೀಟಿಗಳಲ್ಲಿ ಬರೆದಿಟ್ಟು, ಕೇಳಿದ ವೈದ್ಯರಿಗೆ ತಿಳಿಸುತ್ತಿದ್ದರು. 1953ರಲ್ಲಿ ಆ ನಗರದಲ್ಲಿಯೇ ದೇಶದ ಮೊದಲ ವಿಷ ನಿಯಂತ್ರಣ ಕೇಂದ್ರ ಸ್ಥಾಪಿತವಾಯಿತು. 2002ರಿಂದ ಇಡೀ ಅಮೆರಿಕಕ್ಕೆ ಒಂದೇ ದೂರವಾಣಿ ಸಂಖ್ಯೆ. ತರಬೇತಿ ಪಡೆದ ದಾದಿಯರೂ ಔಷಧತಜ್ಞರೂ ಹಗಲಿರುಳು ಉತ್ತರಿಸುತ್ತಾರೆ. ಅವರ ಬೆಂಬಲಕ್ಕೆ ವಿಷವೈದ್ಯರಿದ್ದಾರೆ.

ಅನುಭವಿ ವೈದ್ಯರು ಎಲ್ಲಕ್ಕೂ ಈ ಕೇಂದ್ರದ ಮೊರೆಹೋಗುವುದಿಲ್ಲ. ದಿನವೂ ಕಾಣುವ ಪ್ರಕರಣವನ್ನು ತಾವೇ ನಿಭಾಯಿಸುತ್ತಾರೆ. ವಿಷ ಅಪರೂಪದ್ದಾದಾಗ, ಪ್ರತಿವಿಷದ ಪ್ರಮಾಣದಲ್ಲಿ ಸಂದೇಹ ಬಂದಾಗ, ರೋಗಿಯನ್ನು ಮನೆಗೆ ಕಳುಹಿಸಬಹುದೇ ಎಂಬ ಪ್ರಶ್ನೆ ಕಾಡಿದಾಗ ದೂರವಾಣಿಯನ್ನೆತ್ತುತ್ತಾರೆ. ರೋಗಿಯನ್ನು ಕಣ್ಣಾರೆ ಕಂಡವರು ವೈದ್ಯರು. ಕೇಂದ್ರದವರು ಕೇಳಿ ಹೇಳುವವರು. ಆದಕಾರಣ ಸಲಹೆ ಕೇಂದ್ರದ್ದು, ಹೊಣೆ ವೈದ್ಯರದು.

ಮನೆಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನೇ ನೋಡಿ. ಮಿತಿಮೀರಿ ನುಂಗಿದವನು ಮೊದಲ ದಿನ ಆರೋಗ್ಯವಂತನಂತೆಯೇ ತೋರಬಹುದು. ಒಳಗೆ ಯಕೃತ್ತು ಕೆಡುತ್ತಿರುತ್ತದೆ. ನುಂಗಿ 4 ಗಂಟೆ ಕಳೆದ ಮೇಲೆ ರಕ್ತ ತೆಗೆದು, ಅದರಲ್ಲಿರುವ ಔಷಧದ ಪ್ರಮಾಣವನ್ನು 1975ರಲ್ಲಿ ಪ್ರಕಟವಾದ ನಕ್ಷೆಯೊಂದರೊಡನೆ ತಾಳೆನೋಡುತ್ತಾರೆ. ಅಗತ್ಯವಾದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಕೊಡುತ್ತಾರೆ. ನುಂಗಿದ 8 ಗಂಟೆಗಳೊಳಗೆ ಅದು ಸಿಕ್ಕರೆ ಯಕೃತ್ತು ಉಳಿಯುವ ಭರವಸೆ ಹೆಚ್ಚು. ಆದರೆ ನುಂಗಿದ ಹೊತ್ತೇ ತಿಳಿಯದಿದ್ದರೆ ನಕ್ಷೆ ನಿರುಪಯೋಗಿ. ಅಂಥ ಗಳಿಗೆಯಲ್ಲಿ, ನೂರಾರು ಪ್ರಕರಣಗಳನ್ನು ಬಲ್ಲವರೊಡನೆ ಆಡಿದ ನಾಲ್ಕು ಮಾತು ಒಂದು ಜೀವವನ್ನುಳಿಸಬಲ್ಲುದು.

ಚಿಕಿತ್ಸೆಯ ಕ್ರಮವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ವಾಂತಿ ಮಾಡಿಸುವ ಇಪೆಕಾಕ್ ಪಾನಕವನ್ನು ಹಿಂದೆ ಅಮೆರಿಕದ ಮನೆಗಳಲ್ಲಿ ಇರಿಸಿಕೊಳ್ಳಲು ಹೇಳುತ್ತಿದ್ದರು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆಯೇ ಅದು ಬೇಡವೆಂದಿತು. ಇಂಥ ಬದಲಾವಣೆಗಳನ್ನು ಗಮನಿಸುತ್ತಿರುವುದೂ ಕೇಂದ್ರಗಳ ಕೆಲಸವೇ.

ನಮ್ಮ ದೇಶದಲ್ಲಿಯೂ 1995ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಆರಂಭವಾಯಿತು.

ಗೃಹಿಣಿಯರು ನೆನಪಿಡಬೇಕಾದದ್ದು ಇಷ್ಟೆ: ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಯಾವ ವಿಷವಾದರೂ ತಡಮಾಡದೆ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಸೀಸೆಯನ್ನೋ ಮಾತ್ರೆಯ ಹಾಳೆಯನ್ನೋ ಕೈಯಲ್ಲಿ ಹಿಡಿದಿರಿ. ವೈದ್ಯರಿಗೂ ಅವರಿಗೆ ಸಲಹೆ ಕೊಡುವವರಿಗೂ ಮೊದಲು ಬೇಕಾದದ್ದು ಅದೇ.